ಕಾಶ್ಮೀರಿ ಕಲಿತವನ ಮನೆಯಲ್ಲಿ ಕೊರಿಯನ್ ಬೀಗತನ

ಮನುಷ್ಯ ಯಾವ ವಿಷಯಕ್ಕೆ ಸಿಟ್ಟಾಗುತ್ತಾನೆ ಎಂಬುದರ ಮೇಲೆ ಅವನ ಘನತೆ ನಿಂತಿದೆ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ. ನನ್ನ ಬ್ಯಾಂಕಿನ ಸಹೋದ್ಯೋಗಿಗಳು ಬಡ್ತಿ ತಪ್ಪಿದ್ದಕ್ಕೆ, ಊರು ಬಿಟ್ಟು ಊರಿಗೆ ವರ್ಗವಾದದ್ದಕ್ಕೆ ಸಿಟ್ಟಾಗುತ್ತಾರೆ. ಅಪಾರ್ಟ್‌ಮೆಂಟಿನವರು ನೀರು ಬಾರದ್ದಕ್ಕೆ, ಪಕ್ಕದವರ ಕಾರು ಅಡ್ಡ ನಿಂತದ್ದಕ್ಕೆ ಕೆಂಡವಾಗುತ್ತಾರೆ. ಇವೆಲ್ಲ ಮರ್ಯಾದಸ್ಥ ಸಿಟ್ಟುಗಳು. ಹೇಳಿಕೊಂಡರೆ ನಾಲ್ಕು ಜನ ತಲೆಯಾಡಿಸುತ್ತಾರೆ, ಒಬ್ಬಿಬ್ಬರು ಚಹಾ ಕೂಡ ಕುಡಿಸುತ್ತಾರೆ. ನನ್ನ ಸಿಟ್ಟು ಮಾತ್ರ ಯಾರ ಮುಂದೆಯೂ ಬಿಚ್ಚುವಂಥದ್ದಲ್ಲ. ಒಂದು ವಾಕ್ಯದಲ್ಲಿ ಕ್ರಿಯಾಪದ ಎಲ್ಲಿ ಕೂರಬೇಕು ಎಂಬ ಪ್ರಶ್ನೆಯ ಮೇಲೆ ನಾನೂ ನನ್ನ ಹೆಂಡತಿಯೂ ಮಾತು ಬಿಟ್ಟಿದ್ದೆವು ಎಂದರೆ ಕೇಳಿದವರು ನಮ್ಮಿಬ್ಬರನ್ನೂ ಒಟ್ಟಿಗೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಾರು. ಅದರಲ್ಲೂ ಆ ವಾಕ್ಯ ಕನ್ನಡದ್ದಲ್ಲ, ತೆಲುಗಿನದ್ದೂ ಅಲ್ಲ. ನನ್ನ ಪಕ್ಷದ ವಾಕ್ಯ ಕಾಶ್ಮೀರಿಯದು, ಅವಳ ಪಕ್ಷದ ವಾಕ್ಯ ಕೊರಿಯನ್ನಿನದು. ಜಗಳ ನಡೆದದ್ದು ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ, ಧಾರವಾಡದ ಕನ್ನಡದಲ್ಲಿ.

ಮೊದಲಿನಿಂದ ಹೇಳುತ್ತೇನೆ. ನಾನು ಧಾರವಾಡದ ಕಡೆಯವನು. ಬ್ಯಾಂಕು ನನ್ನನ್ನು ಆಂಧ್ರಕ್ಕೆ ಕಳಿಸುವಾಗ ಇದು ಸ್ವಲ್ಪ ಕಾಲದ ಮಾತು ಎಂದಿತ್ತು. ಆ ಸ್ವಲ್ಪ ಕಾಲದಲ್ಲಿ ನನ್ನ ಮಗಳು ಅಶ್ವಿನಿ ವಿಜಯವಾಡದಲ್ಲಿ ಬಾಲವಾಡಿಗೆ ಸೇರಿ, ಶಾಲೆ ಮುಗಿಸಿ, ಕಾಲೇಜು ಮುಗಿಸಿ, ಅಲ್ಲಿಯದೇ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆದಳು. ಅವಳ ಕನ್ನಡ ಅಡುಗೆಮನೆಯ ಬಾಗಿಲಿನಿಂದ ಹೊರಗೆ ಕಾಲಿಟ್ಟದ್ದಿಲ್ಲ. ಹಸಿವು, ನಿದ್ದೆ, ಅಜ್ಜಿ, ಹಬ್ಬ ಇವಿಷ್ಟಕ್ಕೆ ಕನ್ನಡ ಸಾಕಾಗುತ್ತದೆ. ಅದರಾಚೆ ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೆ ತೆಲುಗು, ಲೆಕ್ಕ ಹಾಕಬೇಕಾದರೂ ತೆಲುಗು. ನನ್ನನ್ನು ಕರೆಯುವುದು 'ನಾನ್ನಾ' ಎಂದು. ತೆಲುಗಿನಲ್ಲಿ ಅದು ಅಪ್ಪ. ಆದರೆ ನನ್ನ ಧಾರವಾಡದ ಕಿವಿಗೆ ಇಷ್ಟು ವರ್ಷವಾದರೂ ಅದು 'ನನ್ನ' ಎಂದೇ ಕೇಳುತ್ತದೆ. ನಿನ್ನ ಏನು, ಮುಂದೆ ಹೇಳು ಎಂದು ಕಾಯುತ್ತ ನಿಲ್ಲುತ್ತೇನೆ. ಮಗಳು ಆಗಲೇ ಫೋನು ಇಟ್ಟಿರುತ್ತಾಳೆ.

ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಮಗಳು ವಿಜಯವಾಡದಲ್ಲೇ ಉಳಿದಳು. ಪೆಂಡುರ್ತಿಯ ಹೊಸ ಬಡಾವಣೆಯ ಫ್ಲಾಟಿನಲ್ಲಿ ನಾನು ಮತ್ತು ಗಿರಿಜಾ ಇಬ್ಬರೇ. ನಾನು ಬ್ಯಾಂಕಿಗೆ ಹೋದ ಮೇಲೆ ಅವಳಿಗೆ ಮಾತಿಗೆ ಯಾರೂ ಇರಲಿಲ್ಲ. ಆ ಖಾಲಿ ಜಾಗಕ್ಕೆ ಮೆಲ್ಲಗೆ ಕೊರಿಯಾ ದೇಶ ಬಂದು ಕೂತಿತು. ಫೋನಿನಲ್ಲಿ ಒಂದು ಸೀರಿಯಲ್ಲು ನೋಡಿದಳು, ಆಮೇಲೆ ಎರಡನೆಯದು. ಒಂದು ದಿನ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿಂದ "ಬಾಪ್ ಮೊಗೊಸ್ಸೊಯೊ?" ಎಂಬ ಕೂಗು ಕೇಳಿಸಿತು. ಗತಿಸಿಹೋದ ನನ್ನ ತಂದೆಯನ್ನು ಹಿಂದಿಯಲ್ಲಿ ಏನೋ ಅಂದಳೆಂದು ನನ್ನ ರಕ್ತ ಕುದಿಯಿತು. "ನಮ್ಮಪ್ಪನ ಸುದ್ದಿಗೆ ಯಾಕ ಬಂದಿ?" ಎಂದೆ. "ಅಯ್ಯ, ಊಟ ಆತೇನ್ರೀ ಅಂತ ಕೇಳಿದೆ. ಬಾಪ್ ಅಂದ್ರ ಅನ್ನ. ಅವರೂ ನಮ್ಮಂಗ, ಮಂದಿ ಕಂಡ ಕೂಡ್ಲೆ ಊಟದ್ದ ಕೇಳ್ತಾರ" ಎಂದಳು. ಅವತ್ತಿನಿಂದ ನನ್ನ ಮನೆಯಲ್ಲಿ ನನಗೆ ಊಟದ ವಿಚಾರಣೆ ಕೊರಿಯನ್ನಿನಲ್ಲಿ ನಡೆಯತೊಡಗಿತು. ಉತ್ತರವನ್ನು ಮಾತ್ರ ನಾನು ಹಟದಿಂದ ಕನ್ನಡದಲ್ಲೇ ಕೊಟ್ಟೆ. ಆಗಿಲ್ಲ ಎಂದು.

ಇಷ್ಟರಲ್ಲಿ ವಿಜಯವಾಡದಿಂದ ಸುದ್ದಿ ಬಂತು. ಮಗಳಿಗೆ ತನ್ನದೇ ಆಸ್ಪತ್ರೆಯ ಸಮೀರ್ ಎಂಬ ಡಾಕ್ಟರ್ ಇಷ್ಟವಾಗಿದ್ದಾನೆ. ಹುಡುಗ ಕಾಶ್ಮೀರಿ ಪಂಡಿತರ ಪೈಕಿ. ಅವನು ಹುಟ್ಟುವ ಮೊದಲೇ ಮನೆಯವರು ಕಣಿವೆ ಬಿಟ್ಟು ಜಮ್ಮುವಿನಲ್ಲಿ ನೆಲೆಸಿದವರು. ಓದಲು ವಿಜಯವಾಡಕ್ಕೆ ಬಂದವನು ಕೃಷ್ಣೆಯ ನೀರು ಕುಡಿದು ಅಲ್ಲೇ ಉಳಿದ. ನಾನು ಅವನನ್ನು ನೋಡಲು ಹೋದಾಗ ಕಾಶ್ಮೀರಿಯನ್ನು ನಿರೀಕ್ಷಿಸಿಕೊಂಡು ಹೋಗಿದ್ದೆ. ಸೇಬಿನ ಬಣ್ಣದ ಹುಡುಗನೇನೋ ಹೌದು, ಆದರೆ ಬಾಯಿ ತೆರೆದರೆ ಗುಂಟೂರು! "ನಮಸ್ಕಾರಂ ಅಂಡಿ, ಪ್ರಯಾಣಂ ಬಾಗಾ ಜರಿಗಿಂದಾ ಅಂಡಿ?" ಎಂದ. ನನ್ನೆದುರಿಗೇ ಇಬ್ಬರೂ ಒಮ್ಮೆ ಕಿತ್ತಾಡಿದರು, ಯಾವ ಹೋಟೆಲಿಗೆ ಹೋಗಬೇಕೆಂದು. ಅವನು "ನೀಕೇಂ ತೆಲುಸು?" ಎಂದ, ನಿನಗೇನು ಗೊತ್ತು ಎಂದು. ಅವಳು "ನುವ್ವು ಊರ್ಕೋ" ಎಂದು ಬಾಯಿ ಮುಚ್ಚಿಸಿದಳು. ಅವನು ಸುಮ್ಮನಾದ. ಹುಡುಗ ಒಳ್ಳೆಯವನೆಂದು ನನಗೆ ಆಗಲೇ ಗೊತ್ತಾಯಿತು. ಆದರೂ ಒಳಗೊಳಗೇ ಉರಿಯಿತು. ಕನ್ನಡದ ಹುಡುಗಿ, ಕಾಶ್ಮೀರದ ಹುಡುಗ, ಪ್ರೀತಿಸುವುದು ತೆಲುಗಿನಲ್ಲಿ. ಹಾಗಾದರೆ ನಾವಿಬ್ಬರು ಅಪ್ಪಂದಿರು ಇಷ್ಟು ವರ್ಷ ಮನೆಯಲ್ಲಿ ಯಾವ ಭಾಷೆ ಆಡಿದೆವು, ಯಾತಕ್ಕೆ ಆಡಿದೆವು?

ನನಗೆ ಅನಿಸಿದ್ದೇ ಹುಡುಗನ ತಂದೆಗೂ ಅನಿಸಿತ್ತಂತೆ. ಅವರ ಹೆಸರು ಓಂಕಾರನಾಥ್. ನಿವೃತ್ತ ಮೇಷ್ಟ್ರು, ಮಾತು ಕಮ್ಮಿ. ತಾಯಿ ಉಷಾ ಆಗಲೇ ಒಪ್ಪಿದ್ದರು. ತಂದೆ ಒಂದೇ ಒಂದು ಪ್ರಶ್ನೆ ಕೇಳಿದರಂತೆ: ನಾಳೆ ಮಕ್ಕಳಾದರೆ ಅವು ಯಾವ ಭಾಷೆ ಮಾತಾಡುತ್ತವೆ? ಸಮೀರ್ ಹುಡುಗು ಬುದ್ಧಿಯಿಂದ ನಿಜ ಹೇಳಿಬಿಟ್ಟ, ತೆಲುಗು ಎಂದು. ಅವತ್ತಿನಿಂದ ಅವರು ಹ್ಞೂಂ ಅಂದಿಲ್ಲ, ಉಹೂಂ ಅಂದಿಲ್ಲ. ಮಗಳು ಫೋನಿನಲ್ಲಿ ಅಳುದನಿಯಲ್ಲಿ ಹೇಳಿದಳು: "ನಾನ್ನಾ, ಅವರು ನಮ್ಮ ಮನೀಗೆ ಬರ್ತಾರಂಟ. ಅಂಕಲ್ ಚಾಲಾ ಸೈಲೆಂಟು. ನೀವು ಏನಾರ ಮಾಡಿ ಅವರನ್ನ ಒಪ್ಪಿಸ್ಬೇಕು, ಪ್ಲೀಸ್ ಅಂಡಿ." ಮಗಳ ಬಾಯಿಂದ ನನಗೆ 'ಅಂಡಿ' ಎಂಬ ಬಹುವಚನ ಬಂದದ್ದು ಅದೇ ಮೊದಲು. ಕರಗಿ ನೀರಾದೆ. ಆ ಮನುಷ್ಯನನ್ನು ಅವನ ಭಾಷೆಯಲ್ಲೇ ಮಾತಾಡಿಸಿ ಒಪ್ಪಿಸುತ್ತೇನೆಂದು ಪ್ರತಿಜ್ಞೆ ಮಾಡಿ ಕಾಶ್ಮೀರಿ ಕಲಿಯಲು ಕೂತೆ.

ಓದುಗರೇ, ಕಾಶ್ಮೀರಿ ಕಲಿಯಲು ಹೊರಟವನ ಪಾಡು ಬಲ್ಲಿರಾ? ಮೊದಲು ಸ್ವರಗಳು. ನಮ್ಮಲ್ಲಿ ಅ ಇದೆ, ಇ ಇದೆ, ಉ ಇದೆ, ಬಾಗಿಲು ಕಿಟಕಿಗಳಂತೆ ಬೇರೆ ಬೇರೆ ನಿಂತಿವೆ. ಅವರು ಬಾಗಿಲಿಗೂ ಕಿಟಕಿಗೂ ನಡುವಿನ ಗೋಡೆಯಲ್ಲೂ ಸ್ವರ ಕೊರೆದಿದ್ದಾರೆ. ಅ ಅಲ್ಲದ, ಇ ಅಲ್ಲದ, ಉ ಅಂತೂ ಖಂಡಿತ ಅಲ್ಲದ ಒಂದು ಸದ್ದು, ಅದರಲ್ಲಿ ಮತ್ತೆ ಗಿಡ್ಡ ಉದ್ದ. ಫೋನಿನ ಪಾಠದ ಜೊತೆ ನಾನು ಅದನ್ನು ಅಭ್ಯಾಸ ಮಾಡುವಾಗ ಕೆಳಗಿನ ಮನೆಯವರು ಬಂದು "ಏಮಂಡಿ, ಒಂಟ್ಲೋ ಬಾಗೋಲೇದಾ?" ಎಂದು ನನ್ನ ಆರೋಗ್ಯ ವಿಚಾರಿಸಿಕೊಂಡು ಹೋದರು. ತ್ಸ ಎಂಬ ಸದ್ದು ಮಾತ್ರ ಸುಲಭವಾಗಿ ಬಂತು. ತೆಲುಗರು ಚಾಲಾ ಎಂದು ಬರೆದು ತ್ಸಾಲಾ ಎನ್ನುತ್ತಾರಲ್ಲ, ಇಷ್ಟು ವರ್ಷ ಅದನ್ನು ಕೇಳಿದ ಪುಣ್ಯ. ಆಮೇಲೆ ವಾಕ್ಯ. ಇಡೀ ಭರತಖಂಡದಲ್ಲಿ ನಾವೆಲ್ಲ ಕ್ರಿಯಾಪದವನ್ನು ಊಟದ ಕೊನೆಯ ಮಜ್ಜಿಗೆಯಂತೆ ಕೊನೆಗೆ ಬಡಿಸುತ್ತೇವೆ. ಕಾಶ್ಮೀರಿಯಲ್ಲಿ ಅದು ಎರಡನೆಯ ಜಾಗಕ್ಕೆ ನುಗ್ಗಿ ಕೂತುಬಿಡುತ್ತದೆ. ನಾನು ಇದ್ದೇನೆ ಅನ್ನ ತಿನ್ನುತ್ತಾ. ನಾನು ಇದ್ದೇನೆ ಮನೆಗೆ ಹೋಗುತ್ತಾ.

ಇದನ್ನು ಕೇಳಿ ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದೇನ್ ಭಾಷಾರೀ, ಬಾಯಾಗಿಂದ ಬೀಳೂದಕ್ಕಿಂತ ಮೊದ್ಲ ಎಡವಿದಂಗ! ನಮ್ಮ ಕೊರಿಯನ್ ನೋಡ್ರಿ, ಕ್ರಿಯಾಪದ ಕಡೀಕ. ಥೇಟ್ ನಮ್ಮ ಕನ್ನಡದಂಗ." ನಮ್ಮ ಕೊರಿಯನ್! ನನಗೆ ನಖಶಿಖಾಂತ ಉರಿಯಿತು. ಸಮುದ್ರದಾಚೆಯ ಭಾಷೆ ಇವಳಿಗೆ ನಮ್ಮದು, ಇದೇ ದೇಶದ ಭಾಷೆ ಎಡವಿದ್ದು! ಅವಳು ಬಿಡಲಿಲ್ಲ. "ಅವರು ಅಪ್ಪಗ ಅಪ್ಪಾ ಅಂತಾರ, ಅವ್ವಗ ಒಮ್ಮಾ ಅಂತಾರ. ನಿಮ್ಮ ಮಗಳು ಏನಂತಾಳ? ನಾನ್ನಾ! ನಿಮ್ಮನ್ನ ಅಪ್ಪಾ ಅಂತ ಕರ್ಯಾಕ ಸಿಯೋಲ್‌ದಿಂದ ಮಂದಿ ಬರ್ಬೇಕು. ಮತ್ತ ನಾವು ಅಯ್ಯೋ ಅಂದ್ರ ಅವರು ಐಗೋ ಅಂತಾರ. ನಾವು ಎಲ್ಲಾದಕ್ಕೂ ರೀ ಹಚ್ಚಿದಂಗ ಅವರು ಯೋ ಹಚ್ತಾರ. ಹೋಗ್ರೀ, ಬರ್ರೀ ಅಂದಂಗ." ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಯೋ ಎಂಬ ಗೌರವದ ಬಾಲ ಅವಳ ಕೊರಿಯನ್ನಿನಲ್ಲಿ ತಿಂಗಳ ಮೊದಲ ವಾರ ನನಗೆ ಸಿಗುತ್ತಿತ್ತು. ಆಮೇಲೆ ದಿನಸಿ ಮರೆತು ಬಂದೆ, ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಬಿಟ್ಟೆ ಎಂದೆಲ್ಲ ನೆಪ ಮಾಡಿ ಬಾಲ ಕತ್ತರಿಸಿ ಬರಿಯ ಕ್ರಿಯಾಪದ ನನ್ನ ಮುಖಕ್ಕೆ ಎಸೆಯುತ್ತಿದ್ದಳು. ಅದು ಗೆಳೆಯರಿಗೂ ಬೆಕ್ಕಿಗೂ ಬಳಸುವ ಮಟ್ಟವಂತೆ.

ನಾನೂ ಬಿಡುವವನಲ್ಲ. "ಕಾಶ್ಮೀರಿಯಲ್ಲಿ ಅಳಿಯನಿಗೆ ಜಾಮತುರ್ ಅಂತಾರ, ಅದು ನಮ್ಮ ಜಾಮಾತೃ. ಅನ್ನಕ್ಕ ಬತ ಅಂತಾರ, ನೀ ಮಾಡೂ ವಾಂಗಿಭಾತಿನ ಭಾತು. ಅಕ್ಷರ ಕಲ್ಸುವಾಗ ನೆನೆಯೂ ಶಾರದಾದೇವಿ ಕಾಶ್ಮೀರದಾಕಿ. ನಿನ್ನ ಕೊರಿಯಾದ ದೇವರು ಯಾರು?" ಎಂದೆ. ನನ್ನ ಬತ್ತಳಿಕೆಯ ದೊಡ್ಡ ಬಾಣ ಇನ್ನೂ ಬೇರೆ ಇತ್ತು. ಕನ್ನಡದಲ್ಲಿ ಪ್ರಶ್ನೆ ಕೇಳಬೇಕಾದರೆ ಕೊನೆಗೆ ಆ ಸೇರಿಸುತ್ತೇವೆ. ಬಂದ, ಬಂದನಾ? ಕಾಶ್ಮೀರಿಯಲ್ಲೂ ಅದೇ! ಕ್ಷೇಮವಾಗಿದ್ದೀರಾ ಎನ್ನಲು 'ವಾರಯ್ ಛಿವಾ?' ಆ ಕೊನೆಯ ದೀರ್ಘ ಕಂಡಾಗ ನನಗೆ ಪರದೇಶದಲ್ಲಿ ಧಾರವಾಡದ ಬಸ್ಸು ಕಂಡಷ್ಟು ಆನಂದವಾಗಿತ್ತು. ಗಿರಿಜಾ ಒಂದು ಕ್ಷಣ ತಡವರಿಸಿದಳು. ಆಮೇಲೆ "ಹೌದು, ಒಂದ್ ಬಾಲ ಸಿಕ್ಕದ. ಕುದರಿ ಎಲ್ಲೈತಿ?" ಎಂದು ಒಳಗೆ ಹೋದಳು. ನಾವು ಮಾತು ಬಿಟ್ಟದ್ದು ಅವತ್ತೇ. ಊಟದ ವಿಚಾರಣೆ ಕೊರಿಯನ್ನಿನಲ್ಲೂ ನಿಂತಿತು. ತಟ್ಟೆ ಮಾತ್ರ ತಪ್ಪದೆ ಬರುತ್ತಿತ್ತು, ಸದ್ದು ಮಾಡುತ್ತ.

ಬೀಗರಾಗುವವರು ಬರುವ ದಿನ ಬಂತು. ಮೊದಲು ವಿಜಯವಾಡಕ್ಕೆ ಹೋಗಿ, ಅಲ್ಲಿಂದ ಮಕ್ಕಳಿಬ್ಬರನ್ನೂ ಕರೆದುಕೊಂಡು ರೈಲಿನಲ್ಲಿ ಬಂದರು. ನಾನು ಬಾಗಿಲಲ್ಲಿ 'ವಲಿವ್, ಬಿಹಿವ್' ಎಂಬ ಎರಡು ಶಬ್ದಗಳನ್ನು ಬಾಯಲ್ಲಿ ಲವಂಗದಂತೆ ಇಟ್ಟುಕೊಂಡು ನಿಂತಿದ್ದೆ. ಬನ್ನಿ, ಕೂತುಕೊಳ್ಳಿ ಎಂದರ್ಥ. ಓಂಕಾರನಾಥರು ಎತ್ತರದ ಆಳು, ಬಿಳಿ ಮೀಸೆ, ಮುಖದಲ್ಲಿ ಪರೀಕ್ಷಾ ಕೊಠಡಿಯ ಗಾಂಭೀರ್ಯ. ಅವರನ್ನು ನೋಡುತ್ತಲೇ ನನ್ನ ಬಾಯಿಂದ ಬಂದದ್ದು "ರಂಡಿ ರಂಡಿ" ಎಂಬ ತೆಲುಗು. ಬನ್ನಿ ಎನ್ನುವ ಈ ಸಭ್ಯ ತೆಲುಗು ಮಾತು ಹಿಂದಿಯ ಕಿವಿಗೆ ಎಂಥ ಭಯಂಕರ ಬೈಗುಳ ಎಂಬುದು ನನಗೆ ಹೊಳೆದದ್ದು ಮಾತು ಹೊರಬಿದ್ದ ಮೇಲೆ. ಉಷಾ ಅವರ ಹುಬ್ಬು ಹಣೆಯ ಮಧ್ಯಕ್ಕೆ ಹೋಯಿತು. ಸಮೀರ್ ಓಡಿಬಂದು ತಂದೆತಾಯಿಯ ಕಿವಿಯಲ್ಲಿ ಏನೋ ವಿವರಿಸಿದ. ಓಂಕಾರನಾಥರು ಮಾತಾಡದೆ ಬಂದು ಸೋಫಾದ ತುದಿಯಲ್ಲಿ ಕೂತರು. ನಾನು ಇನ್ನೊಂದು ತುದಿಯಲ್ಲಿ ಕೂತೆ. ನಡುವೆ ಇಡೀ ಹಿಂದೂಸ್ತಾನ ಖಾಲಿ ಬಿದ್ದಿತ್ತು.

ಗಿರಿಜಾ ಚಹಾದ ತಟ್ಟೆ ಹಿಡಿದು ಬಂದಳು. ಅವಳ ಹಿಂದಿ ಹುಬ್ಬಳ್ಳಿಯ ಸಂತೆಯದು. ಬಾಯಿ ತೆರೆಯಲು ಅವಳಿಗೂ ಅಂಜಿಕೆ. ಆ ಅಂಜಿಕೆಯಲ್ಲಿ ತಟ್ಟೆ ವಾಲಿ ಒಂದು ಕಪ್ಪು ಉರುಳಿ ಚಹಾ ಎಲ್ಲ ಉಷಾ ಅವರ ಶಾಲಿನ ಮೇಲೆ. ಸಂಬಂಧ ಮುಗಿಯಿತು ಎಂದುಕೊಂಡೆ. ಉಷಾ ಅವರು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು, "ಐಗೋ!" ಎಂದರು.

ಗಿರಿಜಾ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಉಷಾ ಅವರ ಮುಖವನ್ನೇ ನೋಡುತ್ತ, ಅಳುಕುತ್ತ, "ಚಿಂಜಾ?" ಎಂದಳು. ನಿಜವಾಗಿಯಾ ಎಂದು ಅದರ ಅರ್ಥವೆಂದು ಆಮೇಲೆ ಗೊತ್ತಾಯಿತು. ಉಷಾ ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಷ್ಟೇ. ಕಟ್ಟೆ ಒಡೆಯಿತು. ಇಬ್ಬರೂ ಕೈಕೈ ಹಿಡಿದುಕೊಂಡು ಅಡುಗೆಮನೆಗೆ ಹೋದವರು ಮಧ್ಯಾಹ್ನದವರೆಗೆ ಹೊರಬರಲಿಲ್ಲ. ಮುರುಕು ಹಿಂದಿ, ಮುರುಕು ಕೊರಿಯನ್, ನಡುನಡುವೆ ಗಿರಿಜಾಳ ಅಪ್ಪಟ ಧಾರವಾಡ ಕನ್ನಡ. ಯಾವ ಸೀರಿಯಲ್ಲಿನ ಅತ್ತೆ ಕೆಟ್ಟವಳು, ಯಾವ ಡಾಕ್ಟರು ಯಾಕೆ ಆ ಹುಡುಗಿಗೆ ಮೊದಲೇ ಹೇಳಲಿಲ್ಲ, ಎಲ್ಲ ಚರ್ಚೆಯಾಯಿತು. "ಸಾದೊನ್, ಸಾದೊನ್" ಎಂದು ಒಬ್ಬರನ್ನೊಬ್ಬರು ಕರೆದುಕೊಳ್ಳುತ್ತಿದ್ದರು. ಅಶ್ವಿನಿಯನ್ನು ಕೇಳಿದೆ. ಅವಳು ಅಡುಗೆಮನೆಗೆ ಹೋಗಿ ತಿಳಿದುಕೊಂಡು ಬಂದಳು. "ಬೀಗರು ಅಂತ ನಾನ್ನಾ. ಕೊರಿಯನ್‌ದಾಗೂ ಬೀಗರಿಗೆ ಸಪರೇಟ್ ವರ್ಡ್ ಉಂದಿ" ಎಂದಳು. ಗಂಡಸರಿಬ್ಬರು ಒಪ್ಪಿಗೆಯ ಮಾತನ್ನೇ ಎತ್ತಿಲ್ಲ, ಒಳಗೆ ಇವರು ಆಗಲೇ ಬೀಗತಿಯರು!

ನನಗೆ ಎಂಥ ಅವಮಾನವಾಗಿರಬೇಡ! ತಿಂಗಳುಗಟ್ಟಲೆ ಗೋಡೆಯ ನಡುವಿನ ಸ್ವರ ಉಚ್ಚರಿಸಿ ದವಡೆ ನೋಯಿಸಿಕೊಂಡವನು ನಾನು. ಕಾಶ್ಮೀರದವರು ಮನೆಗೆ ಬಂದರೆ ಮಾತು ನಡೆದದ್ದು ಕೊರಿಯನ್ನಿನಲ್ಲಿ. ಓಂಕಾರನಾಥರ ಕಡೆ ನೋಡಿದೆ. ಅವರ ಮೀಸೆ ಸಣ್ಣಗೆ ಅದುರುತ್ತಿತ್ತು. ಅಡುಗೆಮನೆಯಿಂದ ನಗು ಕೇಳಿಬಂದಾಗಲೆಲ್ಲ ಅವರು ಕಿಟಕಿಯಾಚೆ ನೋಡುತ್ತಿದ್ದರು. ಆ ಅದುರುವಿಕೆ ನನಗೆ ಚೆನ್ನಾಗಿ ಪರಿಚಯವಿತ್ತು. ಪ್ರತಿದಿನ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತೇನೆ.

ಮರುದಿನ ಬೆಳಿಗ್ಗೆ ಎಲ್ಲರೂ ಸಿಂಹಾಚಲಕ್ಕೆ ಹೋದೆವು. ಗುಡ್ಡದ ಮೇಲೆ ಸಾಲಿನಲ್ಲಿ ನಿಂತಾಗಲೂ ಹೆಂಗಸರ ಸೀರಿಯಲ್ಲು ಮುಂದುವರಿಯಿತು. ನರಸಿಂಹಸ್ವಾಮಿಗೆ ಇದ್ದ ಉಗ್ರತೆ ಚಂದನ ಹಚ್ಚಿ ತಣ್ಣಗಾಗಿದೆ ಎನ್ನುತ್ತಾರೆ. ನನಗೆ ಹಚ್ಚುವವರು ಯಾರೂ ಇರಲಿಲ್ಲ. ಸಂಜೆ ಋಷಿಕೊಂಡದ ಸಮುದ್ರ ತೀರ. ಮಕ್ಕಳಿಬ್ಬರು ನೀರಿನಲ್ಲಿ ಕಾಲಿಟ್ಟು ತೆಲುಗಿನಲ್ಲಿ ಕಿರುಚುತ್ತಿದ್ದರು. ಹೆಂಗಸರು ಗೋವಿನಜೋಳದ ತೆನೆ ಸುಡಿಸಿಕೊಳ್ಳುತ್ತಾ ಕೊರಿಯಾದಲ್ಲಿದ್ದರು. ನಾವಿಬ್ಬರು ಮರಳಿನ ಮೇಲೆ ಹಾಸಿದ ಒಂದೇ ಚಾಪೆಯ ಎರಡು ತುದಿಗಳಲ್ಲಿ ಕೂತಿದ್ದೆವು. ನಾಳೆ ಅವರು ಹೊರಡುವವರು. ಮಗಳು ನೀರಿನಿಂದಲೇ ನನ್ನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಅಂಡಿ ಇತ್ತು. ಇನ್ನು ತಡೆಯಬಾರದೆಂದು ಗಂಟಲು ಸರಿಮಾಡಿಕೊಂಡು, ಕ್ರಿಯಾಪದವನ್ನು ಎರಡನೆಯ ಜಾಗದಲ್ಲಿ ಗಟ್ಟಿಯಾಗಿ ಕೂರಿಸಿ, ಒಂದೇ ಉಸಿರಿಗೆ ಹೇಳಿಬಿಟ್ಟೆ:

"ಬು ಛಸ್ ಕೋಶುರ್ ಹೆಛಾನ್. ಬು ಛಸ್ ಸ್ಯಠಾ ಖೋಶ್." ನಾನು ಕಾಶ್ಮೀರಿ ಕಲಿಯುತ್ತಿದ್ದೇನೆ, ನನಗೆ ಬಹಳ ಸಂತೋಷವಾಗಿದೆ ಎಂದು.

ಓಂಕಾರನಾಥರು ನಿಧಾನವಾಗಿ ನನ್ನ ಕಡೆ ತಿರುಗಿದರು. ಕಣ್ಣು ಮಿಟುಕಿಸಲಿಲ್ಲ. ಇನ್ನೊಮ್ಮೆ ಹೇಳಿ ಎಂದು ಕೈಸನ್ನೆ ಮಾಡಿದರು. ಹೇಳಿದೆ. ಅವರ ಮೀಸೆ ಅದುರಿತು, ಭುಜ ಅದುರಿತು, ಆಮೇಲೆ ಇಡೀ ಮನುಷ್ಯ ಅದುರಿ ನಗತೊಡಗಿದ. ಎಂಥ ನಗು ಎಂದರೆ ಸಮೀರ್ ನೀರಿನಿಂದ ಓಡಿಬಂದ, ತಂದೆಗೆ ಏನೋ ಆಯಿತೆಂದು. ಕಣ್ಣೊರೆಸಿಕೊಂಡು ಅವರು ಹಿಂದಿಯಲ್ಲಿ ಹೇಳಿದರು: "ಉಚ್ಚಾರಣೆ ಪರವಾಗಿಲ್ಲ ಬೀಗರೇ. ವಾಕ್ಯವೂ ಸರಿಯಾಗಿದೆ. ಆದರೆ ಹೀಗೆ ಹೇಳುವುದು ಹೆಂಗಸರು. ಗಂಡಸಾದವನು ಛುಸ್ ಅನ್ನಬೇಕು. ನಿಮಗೆ ಕಲಿಸಿದವರು ಯಾರು?" ನನಗೆ ಕಲಿಸಿದವಳು ಫೋನಿನ ವಿಡಿಯೋದಲ್ಲಿ ಬರುವ ಒಬ್ಬ ಕಾಶ್ಮೀರಿ ಹುಡುಗಿ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬಾಯಿಪಾಠ ಮಾಡಿದ್ದೆ. ಅಂದರೆ ಇಷ್ಟು ದಿನ ಪೆಂಡುರ್ತಿಯ ಬಾಲ್ಕನಿಯಲ್ಲಿ ನಿಂತು, ನಾನು ಅನ್ನ ತಿನ್ನುತ್ತಿದ್ದೇನೆ, ನಾನು ಮನೆಗೆ ಹೋಗುತ್ತಿದ್ದೇನೆ ಎಂದು ಹೆಣ್ಣಾಗಿ ಘೋಷಿಸುತ್ತಿದ್ದೆ. ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು. ಆ ಹುಡುಗಿ ಮೊದಲ ಪಾಠದಲ್ಲೇ ಒಂದು ಎಚ್ಚರಿಕೆ ಕೊಡಬಾರದಿತ್ತೆ? ತೆನೆ ಹಿಡಿದು ಬಂದ ಗಿರಿಜಾಳಿಗೆ ಮಗಳು ವಿಷಯ ಹೇಳಿದಳು. "ಕೊರಿಯನ್‌ದಾಗ ಈ ತ್ರಾಸ ಇಲ್ಲ ನೋಡ್ರಿ. ನಮ್ಮಂಗನ, ನಾನು ಅಂದ್ರ ನಾನು. ಗಂಡಸಾದ್ರೂ ಅಷ್ಟ, ಹೆಂಗಸಾದ್ರೂ ಅಷ್ಟ" ಎಂದಳು. ಮಾತು ಬಿಟ್ಟಿದ್ದವಳು ಮತ್ತೆ ಮಾತು ಶುರು ಮಾಡಿದ್ದು ಇದಕ್ಕೆ!

ಎಲ್ಲರೂ ದೂರ ಹೋದ ಮೇಲೆ ಓಂಕಾರನಾಥರು ಚಾಪೆಯ ಮೇಲೆ ನನ್ನ ಹತ್ತಿರಕ್ಕೆ ಸರಿದು ಕೂತರು. ಆಮೇಲೆ ಹೇಳಿದರು: "ಇದೇ ಮಾತನ್ನು ನನ್ನ ತಾಯಿ ಹೇಳುತ್ತಿದ್ದಳು. ಬು ಛಸ್ ಸ್ಯಠಾ ಖೋಶ್. ಯಾರಾದರೂ ಮನೆಗೆ ಬಂದರೆ ಬಾಗಿಲಲ್ಲೇ ಹೇಳುತ್ತಿದ್ದಳು. ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಛಸ್ ಅನ್ನುವವರೇ ಇಲ್ಲ. ಉಷಾ ದಿಲ್ಲಿಯಲ್ಲಿ ಬೆಳೆದವಳು, ನನ್ನೊಡನೆ ಹಿಂದಿ. ಮಗನಿಗೆ ನಾನು ಕಾಶ್ಮೀರಿಯಲ್ಲಿ ಕೇಳುತ್ತೇನೆ, ಅವನು ಹಿಂದಿಯಲ್ಲಿ ಹೇಳುತ್ತಾನೆ. ಛುಸ್ ಅನ್ನಲು ನಾನೊಬ್ಬ ಇದ್ದೇನೆ. ಛಸ್ ಕೇಳಿ ಎಷ್ಟೋ ವರ್ಷವಾಗಿತ್ತು." "ನಮ್ಮ ಮಗಳು ನನ್ನನ್ನು ಅಪ್ಪಾ ಅನ್ನುವುದಿಲ್ಲ" ಎಂದೆ. ಅದೇಕೆ ಅಂದೆನೋ! ಅವರು ಅರ್ಥವಾದವರಂತೆ ತಲೆಯಾಡಿಸಿದರು. "ಮೊಮ್ಮಕ್ಕಳು ತೆಲುಗು ಮಾತಾಡುತ್ತವೆ" ಎಂದರು. "ಮಾತಾಡುತ್ತವೆ, ಅದನ್ನು ತಪ್ಪಿಸಲಾಗದು" ಎಂದೆ. "ಆದರೆ ರಜೆ ಕೊಡುತ್ತಾರಲ್ಲ ಶಾಲೆಯಲ್ಲಿ?" ಎಂದರು ಮೇಷ್ಟ್ರು. "ಕೊಡುತ್ತಾರೆ. ಬೇಸಿಗೆಯದು ನಿಮಗೆ, ದಸರಾದ್ದು ನನಗೆ" ಎಂದೆ. ಅವರು ಸ್ವಲ್ಪ ಯೋಚಿಸಿದರು. "ಬೇಸಿಗೆ ರಜೆ ದೊಡ್ಡದು, ನಿಮಗೆ ಅನ್ಯಾಯವಾಗುತ್ತದೆ" ಎಂದರು. ಅಂಥ ಮನುಷ್ಯನೊಡನೆ ಬೀಗತನ ಮಾಡದೆ ಬಿಡುವುದುಂಟೆ! ಹುಟ್ಟದ ಮಕ್ಕಳ ರಜೆಯನ್ನು ಹಂಚಿಕೊಂಡು ನಾವು ಎದ್ದಾಗ ಕತ್ತಲಾಗುತ್ತಿತ್ತು. ಮಗನನ್ನು ಕರೆದು ತಲೆಯ ಮೇಲೆ ಕೈಯಿಟ್ಟು ಒಪ್ಪಿಗೆ ಹೇಳಿದರು. ಅಶ್ವಿನಿ ಎರಡೂ ಕಣ್ಣಿನಲ್ಲಿ ನೀರು ತುಂಬಿಕೊಂಡು ನನ್ನ ತೋಳು ಹಿಡಿದುಕೊಂಡಳು. ಏನೂ ಅನ್ನಲಿಲ್ಲ. ಯಾವ ಭಾಷೆಯಲ್ಲೂ ಅನ್ನಲಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನನ್ನ ಸಿಟ್ಟಿನ ಅಸಲು ಭಾಗ ಶುರುವಾದದ್ದು ಅವರು ಜಮ್ಮುವಿಗೆ ಮರಳಿದ ಮೇಲೆ. ಮದುವೆಯ ಮಾತುಕತೆ ಎಲ್ಲ ಬೀಗತಿಯರ ನಡುವೆ ಫೋನಿನಲ್ಲಿ ನಡೆಯತೊಡಗಿತು. ಛತ್ರ ವಿಜಯವಾಡದಲ್ಲೋ ವಿಶಾಖಪಟ್ಟಣದಲ್ಲೋ, ಸಿಹಿಗೆ ಹೋಳಿಗೆಯೋ ಆಂಧ್ರದ ಪೂತರೇಕುಲೋ, ಎಲ್ಲ ತೀರ್ಮಾನ ನನ್ನೆದುರೇ ಆಗುತ್ತಿತ್ತು, ನನಗೆ ತಿಳಿಯದಂತೆ. ಗಂಡಸರು ನಡುವೆ ಬಾಯಿ ಹಾಕಬಾರದೆನಿಸುವ ಘಟ್ಟ ಬಂದಾಗ ಇಬ್ಬರೂ ಸಲೀಸಾಗಿ ಕೊರಿಯಾಕ್ಕೆ ದಾಟಿಬಿಡುತ್ತಿದ್ದರು. ಈಗ ಅವರಿಗೆ ಅಭ್ಯಾಸಕ್ಕೆ ಜೊತೆ ಸಿಕ್ಕಿ ಭಾಷೆ ನೀರು ಕುಡಿದಷ್ಟು ಸುಲಭವಾಗಿತ್ತು. ಸ್ವಂತ ಮಗಳ ಮದುವೆಯಲ್ಲಿ ಅಪ್ಪನಿಗೆ ತಿಳಿಯದ ಗುಟ್ಟೆ? ಕಾಶ್ಮೀರಿಯನ್ನು ಓಂಕಾರನಾಥರ ಗುರುವಾರದ ಫೋನಿನ ಪಾಠಕ್ಕೆ ಬಿಟ್ಟು, ಬ್ಯಾಂಕಿನಲ್ಲಿ ಊಟದ ವಿರಾಮದಲ್ಲಿ ಬಾಗಿಲು ಹಾಕಿಕೊಂಡು, ಕಿವಿಗೆ ಇಯರ್‌ಫೋನು ಸಿಕ್ಕಿಸಿ, ನಾನು ಗುಟ್ಟಾಗಿ ಕೊರಿಯನ್ ಕಲಿಯತೊಡಗಿದೆ. ಗಿರಿಜಾಳ ಮಾತು ನಿಜವೆಂದು ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ. ಕ್ರಿಯಾಪದ ಕೊನೆಯಲ್ಲಿತ್ತು. ಹಾಯಾಗಿತ್ತು. ನಾವು ನಮ್ಮನೆಯವರು ಎಂದಂತೆ ಅವರೂ ಗಂಡನನ್ನು ನನ್ನ ಅನ್ನದೆ ನಮ್ಮ ಎನ್ನುತ್ತಾರಂತೆ. ಆ ನಮ್ಮ ಎಂಬುದಕ್ಕೆ ಅವರ ಶಬ್ದ 'ಉರಿ'. ಎಷ್ಟು ಸರಿಯಾದ ಶಬ್ದ!

ಮೊನ್ನೆ ಭಾನುವಾರ ಗಿರಿಜಾ ಮೆಂತ್ಯದ ಸೊಪ್ಪು ಸೋಸುತ್ತ ಉಷಾ ಅವರೊಡನೆ ಫೋನಿನಲ್ಲಿದ್ದಳು. ಫೋನು ಸ್ಪೀಕರಿನಲ್ಲಿತ್ತು. ನಾನು ಪೇಪರು ಓದುವವನಂತೆ ಪಕ್ಕದಲ್ಲಿ ಕೂತಿದ್ದೆ. ಮದುವೆಗೆ ನಾನು ಹೊಲಿಸಬೇಕೆಂದಿದ್ದ ಕೋಟಿನ ವಿಷಯ ಬಂತು. ಗಿರಿಜಾ ನನ್ನ ಕಡೆ ಒಮ್ಮೆ ನೋಡಿ, ಅನುಕಂಪದಿಂದ ನಕ್ಕು, "ಉರಿ ನಾಂಪ್ಯೊನ್ ಬಾಬೊಯೇಯೊ" ಎಂದಳು. ನಮ್ಮನೆಯವರು ಪೆದ್ದು. ಅರ್ಥವಾಯಿತು! ಸೀದಾ, ಅನುವಾದವೇ ಇಲ್ಲದೆ, ಎದೆಗೆ ಬಂದು ನಾಟಿತು. ಪೇಪರು ಬಿಸಾಡಿ ಎದ್ದು ನಿಂತು, ನನ್ನ ಜನ್ಮದ ಸಿಟ್ಟನ್ನೆಲ್ಲ ಸೇರಿಸಿ, "ಬಾಬೊ ಅನಿಯೊ!" ಎಂದು ಗುಡುಗಿದೆ. ಪೆದ್ದು ಅಲ್ಲ ಎಂದು.

ಗಿರಿಜಾಳ ಕೈಯಿಂದ ಮೆಂತ್ಯದ ಕಟ್ಟು ಕೆಳಗೆ ಬಿತ್ತು. ಅಷ್ಟರಲ್ಲಿ ಸ್ಪೀಕರಿನಲ್ಲಿ ಜಮ್ಮುವಿನ ಯಾವುದೋ ಒಳಕೋಣೆಯಿಂದ ಒಂದು ಗಂಡುದನಿ, ಮೇಷ್ಟ್ರ ದನಿ, ತಪ್ಪು ಕಂಡರೆ ತಡೆದುಕೊಳ್ಳಲಾಗದ ದನಿ, ಸ್ಪಷ್ಟವಾಗಿ ಕೇಳಿಬಂತು:

"ಅನಿಯೊ ಅಲ್ಲ ಬೀಗರೇ, ಅನಿಯೇಯೊ!"

ನೋಡಿದಿರಾ ಮನುಷ್ಯನ ನಂಬಿಕೆದ್ರೋಹ! ಪ್ರತಿ ಗುರುವಾರ ಫೋನು ಮಾಡಿ ನನ್ನ ಛಸ್ಸನ್ನು ಛುಸ್ ಮಾಡಿಸುತ್ತಿದ್ದವರು, ಹೆಂಗಸರ ಈ ಕೊರಿಯನ್ ಹುಚ್ಚಿಗೆ ನನ್ನೊಡನೆ ಸೇರಿ ಛೀಮಾರಿ ಹಾಕುತ್ತಿದ್ದವರು, ತಾವೂ ಗುಟ್ಟಾಗಿ ಕಲಿಯುತ್ತಿದ್ದರೆ ನನಗೊಂದು ಮಾತು ಹೇಳಬಾರದಿತ್ತೆ? ನಾನು ಹೇಳಿರಲಿಲ್ಲ, ಅದು ಬೇರೆ ವಿಷಯ. ನನಗೆ ಸಿಟ್ಟು ಬಂದಿರುವುದು ಅವರು ಕಲಿತದ್ದಕ್ಕಲ್ಲ, ನನಗಿಂತ ಒಂದು ಪಾಠ ಮುಂದಿರುವುದಕ್ಕೆ.